ತಂಗಿ ಯಾವ ಓಟ ಹಿಡಿಯಬೇಕು? ಸಾಬ್ಳೆ ಎಲ್ಲಾ ಓಡಿಲ್ಲವೇ ಅಂತ ಕೇಳುತ್ತಾಳೆ

ಅಪ್ಪನಕೆರೆ_ಸುತ್ತು · ಕಲಬುರಗಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ನನ್ನದಲ್ಲ, ತಂಗಿಯದು. ಸೆಕೆಂಡ್ ಪಿಯುಸಿ, ಹದಿನೇಳು ವರ್ಷ. ಬೆಳಿಗ್ಗೆ ಐದಕ್ಕೆ ನನ್ನನ್ನು ಎಬ್ಬಿಸಿ ಗಾಡಿ ತೆಗೆಸುತ್ತಾಳೆ. ಅವಳು ಮೈದಾನದಲ್ಲಿ ಓಡುತ್ತಾಳೆ, ನಾನು ಅಪ್ಪನ ಕೆರೆ ಕಡೆ ಹೋಗಿ ಒಂದು ಸುತ್ತು ನಡೆದು, ಚಹಾ ಕುಡಿದು ಬರುತ್ತೇನೆ. ಏಳಕ್ಕೆ ಮನೆ, ಎಂಟೂವರೆಗೆ ಕಾಲೇಜು.

ಸಮಸ್ಯೆ ಏನೆಂದರೆ ಅವಳು ಎಲ್ಲಾ ಓಡುತ್ತಾಳೆ. 1,500 ಮೀಟರ್, 3,000 ಮೀಟರ್, ಎಲ್ಲಾದರೂ 5,000 ಇಟ್ಟಿದ್ದರೆ ಅದಕ್ಕೂ ಹೆಸರು ಕೊಡುತ್ತಾಳೆ. ಕ್ರಾಸ್ ಕಂಟ್ರಿ (ಟ್ರ್ಯಾಕ್ ಬಿಟ್ಟು ಹೊಲ, ದಿಬ್ಬದ ಮೇಲೆ ಓಡುವ ಓಟ) ಅಂದರೆ ಜಾತ್ರೆಗೆ ಹೊರಟ ಹಾಗೆ ಹೊರಡುತ್ತಾಳೆ. ಪಿಟಿ ಸರ್ ಹೇಳುವುದು ಒಂದೇ ಮಾತು: "ಒಂದು ಹಿಡಿ. ಎಲ್ಲಾ ಓಡಿದರೆ ಎಲ್ಲದರಲ್ಲೂ ನಾಲ್ಕನೇ ನಂಬರ್." ನಿಜವಾಗಿ ಹೋದ ಸಲ ಎರಡರಲ್ಲಿ ನಾಲ್ಕನೇ ನಂಬರ್ ಬಂದಳು. ಅವತ್ತಿಂದ ಮನೆಯಲ್ಲಿ ಮುಖ ಊದಿಸಿಕೊಂಡಿದ್ದಾಳೆ.

ಅವಳ ಕಪಾಟಿನ ಬಾಗಿಲ ಮೇಲೆ ನಮ್ಮ ದೇಶದ ದೂರದ ಓಟಗಾರ ಅವಿನಾಶ್ ಸಾಬ್ಳೆ ಫೋಟೋ ಇದೆ, ಪೇಪರ್‌ನಿಂದ ಕತ್ತರಿಸಿದ್ದು. "ಅವರು ಸ್ಟೀಪಲ್‌ಚೇಸ್ (ಅಡ್ಡಗಂಬ, ನೀರಿನ ಗುಂಡಿ ಹಾರುತ್ತಾ ಓಡುವ ಓಟ) ಓಡಿದರು, 5,000 ಓಡಿದರು, ಹಾಫ್ ಮ್ಯಾರಥಾನ್ ಓಡಿದರು. ಅವರಿಗೆ ಯಾರಾದರೂ ಒಂದು ಹಿಡಿ ಅಂದರಾ?" ಅಂತ ಕೇಳುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ಅವಳ ಟೈಮಿಂಗ್: 1,500ಕ್ಕೆ 5:05, 3,000ಕ್ಕೆ 11:00, 5,000ಕ್ಕೆ 19:40. ದಸರಾ ಕ್ರೀಡಾಕೂಟ ಹತ್ತಿರ ಬಂತು. ಗೊತ್ತಿದ್ದವರು ಹೇಳಿ.

ಖಡಕ್_ರೊಟ್ಟಿ · ಕಲಬುರಗಿ

ಮೊದಲು ನೀವು ಗಾಡಿ ಬಿಟ್ಟು ಅವಳ ಜೊತೆ ಓಡಿ ಅಣ್ಣಾ. ಚಹಾ ಕುಡಿಯಲಿಕ್ಕೆ ಐದಕ್ಕೆ ಏಳುವವರು ನೀವೊಬ್ಬರೇ ಇರಬೇಕು.

ಮೈದಾನದ_ಸುಣ್ಣ · ಸೇಡಂ

ನಾನೂ ಪಿಟಿ ಸರ್, ಹತ್ತೊಂಬತ್ತು ವರ್ಷದಿಂದ. ನಿಮ್ಮ ಸರ್ ಪರವಾಗಿ ಎರಡು ಮಾತು.

ತಾಲ್ಲೂಕು ಮಟ್ಟದ ಕೂಟ ಹೇಗೆ ನಡೆಯುತ್ತದೆ ನೋಡಿದ್ದೀರಲ್ಲ? ಎಲ್ಲಾ ಒಂದೇ ದಿನಕ್ಕೆ ಮುಗಿಯಬೇಕು. ಬೆಳಿಗ್ಗೆ ಹತ್ತಕ್ಕೆ ಶುರು ಅಂತ ಬರೆದಿರುತ್ತಾರೆ, ಅತಿಥಿಗಳು ಬರುವಾಗ ಹನ್ನೊಂದೂವರೆ. ಭಾಷಣ ಮುಗಿಯುವಾಗ ಹನ್ನೆರಡು. ಆಮೇಲೆ 1,500, ಒಂದು ಗಂಟೆ ಬಿಟ್ಟು 3,000. ನಡುವೆ ಮಗು ತಿಂದದ್ದು ಒಂದು ಪ್ಲೇಟ್ ಉಪ್ಪಿಟ್ಟು. ಹೀಗಿರುವಾಗ ಎರಡು ಓಟಕ್ಕೆ ಹೆಸರು ಕೊಟ್ಟರೆ ಎರಡನೆಯದರಲ್ಲಿ ಕಾಲು ಬರುವುದಿಲ್ಲ. ಜಿಲ್ಲೆಗೆ ಹೋಗಬೇಕಾದರೆ ಇಲ್ಲಿ ಮೊದಲ ಎರಡರಲ್ಲಿ ಬರಬೇಕು. ಹಾಗಾಗಿ ನಾವು "ಒಂದು ಹಿಡಿ" ಅನ್ನುವುದು. ಮಗುವಿನ ಆಸೆ ಕೊಲ್ಲಬೇಕು ಅಂತ ಅಲ್ಲ.

ಸಾಬ್ಳೆ ವಿಷಯ ಬೇರೆ. ಅವರು ಸೈನ್ಯದಲ್ಲಿ ಇದ್ದವರು, ಊಟ, ನಿದ್ದೆ, ಮಸಾಜ್ ಎಲ್ಲಾ ಲೆಕ್ಕದಲ್ಲಿ.

ಗುಂಪಾ_ಹವಾಲ್ದಾರ್ · ಬೀದರ್

ಸೈನ್ಯದ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಾನು ಇಪ್ಪತ್ತು ವರ್ಷ ಸೇವೆ ಮಾಡಿ ಬಂದವನು. ಯೂನಿಟ್ ಪರವಾಗಿ ಕ್ರಾಸ್ ಕಂಟ್ರಿ ಓಡಿದ್ದೇನೆ, ಹೇಳಿಕೊಳ್ಳುವಂಥ ಓಟಗಾರ ಅಲ್ಲ. ಆದರೆ ಸಾಬ್ಳೆ ಯಾವ ದಾರಿಯಲ್ಲಿ ಬಂದರು ಅನ್ನುವುದು ನನಗೆ ಅರ್ಥವಾಗುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಅವರ ಊರು ಬೀಡ್ ಜಿಲ್ಲೆಯ ಆಷ್ಟಿ ತಾಲ್ಲೂಕಿನ ಮಾಂಡವಾ. ಮರಾಠವಾಡ. ನಮ್ಮ ಬೀದರ್ ದಾಟಿದರೆ ಅದೇ ಸೀಮೆ. ಅದೇ ಬರ, ಅದೇ ಎರೆ ಹೊಲ, ಕಬ್ಬು ಕಡಿಯಲು ಗುಳೆ ಹೋಗುವ ಅದೇ ಜನ. 1994ರಲ್ಲಿ ಹುಟ್ಟಿದವರು. ಶಾಲೆ ಆರು ಕಿಲೋಮೀಟರ್ ದೂರ, ಬಸ್ ಇಲ್ಲ, ಚಿಕ್ಕವರಿದ್ದಾಗಿನಿಂದ ನಡೆದೋ ಓಡಿಯೋ ಹೋಗಿದ್ದಾರೆ. ಆಗ ಅದಕ್ಕೆ ತರಬೇತಿ ಅಂತ ಯಾರೂ ಹೆಸರು ಇಟ್ಟಿರಲಿಲ್ಲ.

ಹನ್ನೆರಡನೇ ತರಗತಿ ಮುಗಿಸಿ ಸೈನ್ಯ ಸೇರಿದರು, 5 ಮಹಾರ್ ರೆಜಿಮೆಂಟ್. ಸಿಯಾಚಿನ್, ರಾಜಸ್ಥಾನದ ಮರಳು, ಆಮೇಲೆ ಸಿಕ್ಕಿಂ. ತಂಗಿಗೆ ಇದನ್ನು ಸರಿಯಾಗಿ ಹೇಳಿ: ಹದಿನೇಳನೇ ವಯಸ್ಸಿನಲ್ಲಿ ಸಾಬ್ಳೆ ಯಾವ ಓಟವನ್ನೂ ಹಿಡಿದಿರಲಿಲ್ಲ, ಬಿಟ್ಟಿರಲೂ ಇಲ್ಲ. 2015ರಲ್ಲಿ ಸೈನ್ಯದೊಳಗಿನ ಕ್ರಾಸ್ ಕಂಟ್ರಿಯಲ್ಲಿ ಓಡಿದ ಮೇಲೆ ಇದು ಶುರುವಾದದ್ದು. ಕೋಚ್ ಅಮ್ರೀಶ್ ಕುಮಾರ್ ಅವರನ್ನು ಸ್ಟೀಪಲ್‌ಚೇಸ್ ಕಡೆ ತಿರುಗಿಸಿದ್ದು ಅದಕ್ಕೂ ಆಮೇಲೆ. ಆಗ ವಯಸ್ಸು ಇಪ್ಪತ್ತೆರಡು ದಾಟಿತ್ತು.

2018ರಲ್ಲಿ ಭುವನೇಶ್ವರದಲ್ಲಿ 8:29.80 ಓಡಿದರು. ಗೋಪಾಲ್ ಸೈನಿ ಅವರ 8:30.88 ದಾಖಲೆ 1981ರಿಂದ ಹಾಗೇ ನಿಂತಿತ್ತು, 37 ವರ್ಷ. ಅದು ಹೋಯಿತು. ಅಲ್ಲಿಂದ ತಮ್ಮದೇ ದಾಖಲೆಯನ್ನು ತಾವೇ ಮುರಿಯುತ್ತಾ ಬಂದು 2024ರ ಜುಲೈನಲ್ಲಿ ಪ್ಯಾರಿಸ್ ಡೈಮಂಡ್ ಲೀಗ್‌ನಲ್ಲಿ 8:09.91ಕ್ಕೆ ತಂದರು. ಆರು ವರ್ಷಕ್ಕೆ ಇಪ್ಪತ್ತು ಸೆಕೆಂಡ್. ಓಡಿದವರಿಗೆ ಗೊತ್ತು ಇಪ್ಪತ್ತು ಸೆಕೆಂಡ್ ಅಂದರೆ ಎಷ್ಟು ಅಂತ.

ನಡುವೆ ಏಟು ಬಿದ್ದದ್ದೂ ಇದೆ. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್ ಹೀಟ್ಸ್‌ನಲ್ಲಿ (ಫೈನಲ್‌ಗೆ ಆರಿಸುವ ಮೊದಲ ಸುತ್ತು) ಬೇರೆ ಓಟಗಾರರು ಬಿದ್ದು ಇವರ ದಾರಿಗೆ ಅಡ್ಡವಾದರು. ಭಾರತ ದೂರು ಕೊಟ್ಟಿತು, ಒಪ್ಪಿದರು, ಫೈನಲ್‌ಗೆ ಸೇರಿಸಿಕೊಂಡರು. ಫೈನಲ್‌ನಲ್ಲಿ 13ನೇ ಸ್ಥಾನ, ಆದರೆ 8:21.37, ಮತ್ತೊಂದು ರಾಷ್ಟ್ರೀಯ ದಾಖಲೆ. ಟೋಕಿಯೋ ಒಲಿಂಪಿಕ್ಸ್‌ಗೆ ಅರ್ಹತೆಯೂ ಸಿಕ್ಕಿತು. ಟೋಕಿಯೋದಲ್ಲಿ 8:18.12 ಓಡಿ ಮತ್ತೆ ದಾಖಲೆ ಮಾಡಿದರೂ ಹೀಟ್‌ನಲ್ಲಿ ಏಳನೆಯವರು, ಫೈನಲ್ ಇಲ್ಲ. ದಾಖಲೆ ಮಾಡಿಯೂ ಮನೆಗೆ ವಾಪಸ್. ತಂಗಿಯ ನಾಲ್ಕನೇ ನಂಬರ್ ಇದರ ಮುಂದೆ ಏನೂ ಅಲ್ಲ ಅಂತ ಹೇಳಿ.

2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟವನ್ನು ನಾನು ಮೊಬೈಲಿನಲ್ಲಿ ನೋಡಿದೆ. ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕೊನೆ ಸುತ್ತಿನಲ್ಲಿ ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ಕೆನ್ಯಾದ ಅಬ್ರಹಾಂ ಕಿಬಿವೋಟ್ 8:11.15, ಸಾಬ್ಳೆ 8:11.20. ಚಿನ್ನಕ್ಕೂ ಬೆಳ್ಳಿಗೂ ನಡುವೆ ಸೆಕೆಂಡಿನ ನೂರರಲ್ಲಿ ಐದು ಭಾಗ. 1994ರ ಮೇಲೆ ಆ ಕೂಟದ ಸ್ಟೀಪಲ್‌ಚೇಸ್ ಪದಕವನ್ನು ಕೆನ್ಯಾದವರಲ್ಲದ ಗಂಡಸರು ಯಾರೂ ಮುಟ್ಟಿರಲಿಲ್ಲ.

ಪಿಸಿ_ಕನಸು · ಶಹಾಪುರ

ಸರ್, ಏಷ್ಯನ್ ಗೇಮ್ಸ್ ಬಿಟ್ಟಿರಿ. ಹಾಂಗ್‌ಝೌದಲ್ಲಿ ಸ್ಟೀಪಲ್‌ಚೇಸ್ ಚಿನ್ನ ಗೆದ್ದ ಮೊದಲ ಭಾರತೀಯ ಅವರೇ ಅಲ್ವಾ?

ಅಂಕಿ_ಹುಚ್ಚ · ಕಲಬುರಗಿ

ಗಂಡಸರಲ್ಲಿ ಮೊದಲಿಗರು. 2010ರಲ್ಲಿ ಗುವಾಂಗ್‌ಝೌದಲ್ಲಿ ಸುಧಾ ಸಿಂಗ್ ಚಿನ್ನ ಗೆದ್ದಿದ್ದರು. ಹೆಣ್ಣುಮಕ್ಕಳ ಪದಕ ಮರೆಯುವುದು ನಮಗೆ ಅಭ್ಯಾಸ ಆಗಿಬಿಟ್ಟಿದೆ.

ಹಾಂಗ್‌ಝೌ ಕೂಟದ ಈ ಓಟಗಳು 2023ರ ಅಕ್ಟೋಬರ್‌ನಲ್ಲಿ. ಒಂದನೇ ತಾರೀಖು ಸಾಬ್ಳೆಗೆ ಸ್ಟೀಪಲ್‌ಚೇಸ್ ಚಿನ್ನ, 8:19.50. ನಾಲ್ಕನೇ ತಾರೀಖು 5,000 ಮೀಟರ್‌ನಲ್ಲಿ ಬೆಳ್ಳಿ. ನಡುವೆ ಎರಡೇ ದಿನ.

ಆದರೆ ನಿಮ್ಮ ತಂಗಿ ಕಪಾಟಿನ ಮೇಲೆ ಅಂಟಿಸಬೇಕಾದ ಇನ್ನೊಂದು ಫೋಟೋ ಪಾರುಲ್ ಚೌಧರಿ ಅವರದು. ಮೀರತ್ ಕಡೆಯ ಹಳ್ಳಿಯವರು. ಅದೇ ಕೂಟದಲ್ಲಿ ಎರಡನೇ ತಾರೀಖು ಸ್ಟೀಪಲ್‌ಚೇಸ್ ಬೆಳ್ಳಿ, ಮರುದಿನವೇ 5,000 ಚಿನ್ನ. ಸೇಡಂ ಸರ್, ಮರುದಿನ! ಕೊನೆಯ ಕೆಲವು ಮೀಟರ್ ಇರುವಾಗ ಜಪಾನಿನ ಹುಡುಗಿಯನ್ನು ದಾಟಿದರು. ಚಿನ್ನ ಗೆದ್ದರೆ ಉತ್ತರ ಪ್ರದೇಶದಲ್ಲಿ ಡಿಎಸ್‌ಪಿ ಹುದ್ದೆ ಕೊಡುತ್ತಾರೆ ಅನ್ನುವುದು ಕೊನೆಗೆ ತಲೆಯಲ್ಲಿ ಬಂತು ಅಂತ ಅವರೇ ಹೇಳಿಕೊಂಡಿದ್ದರು.

ಪಿಸಿ_ಕನಸು · ಶಹಾಪುರ

ಆ ಮಾತು ನನಗೆ ಬಹಳ ಇಷ್ಟ. ದೇಶ, ಧ್ವಜ ಎಲ್ಲಾ ಸರಿ, ನೌಕರಿಯೂ ಬೇಕಲ್ಲ. ನಾನು ಕಾನ್‌ಸ್ಟೇಬಲ್ ಪರೀಕ್ಷೆಗೆ ಓಡುತ್ತಿದ್ದೇನೆ. 1,600 ಮೀಟರ್, ಆರೂವರೆ ನಿಮಿಷ. ಎರಡು ತಿಂಗಳಿಂದ 6:45ರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಯಾರಾದರೂ ಉಪಾಯ ಹೇಳಿದರೆ ಪುಣ್ಯ ಬರುತ್ತದೆ.

ಅಂಕಿ_ಹುಚ್ಚ · ಕಲಬುರಗಿ

ಆರೂವರೆ ನಿಮಿಷ ಅಂದರೆ ಕಿಲೋಮೀಟರಿಗೆ 4:04. ಇವರ ತಂಗಿ 3,000 ಮೀಟರನ್ನು ಕಿಲೋಮೀಟರಿಗೆ 3:40ರಲ್ಲಿ ಓಡುತ್ತಾಳೆ. ತಮ್ಮಾ, ನೀನು ಅವಳ ಹತ್ತಿರವೇ ಕಲಿ.

ಖಡಕ್_ರೊಟ್ಟಿ · ಕಲಬುರಗಿ

ಶಹಾಪುರದಿಂದ ಬಸ್ ಚಾರ್ಜ್ ಯಾರು ಕೊಡುತ್ತಾರೆ?

ಮೈದಾನದ_ಸುಣ್ಣ · ಸೇಡಂ

ಹವಾಲ್ದಾರ್ ಸರ್, ನೀವು ಬರೆದದ್ದು ನನ್ನ ಮಾತಿಗೇ ಬಲ ಕೊಡುತ್ತದೆ. ಸಾಬ್ಳೆ ದೊಡ್ಡವರಾದದ್ದು ಸ್ಟೀಪಲ್‌ಚೇಸ್ ಹಿಡಿದ ಮೇಲೆ. ಉಳಿದದ್ದೆಲ್ಲ ಪಕ್ಕದ ಪಲ್ಯ. ಅದನ್ನು ಹಿಡಿಯದೆ ಎಲ್ಲಾ ಕಡೆ ಓಡಿಕೊಂಡು ಇದ್ದಿದ್ದರೆ ನಮಗೆ ಅವರ ಹೆಸರೇ ಗೊತ್ತಿರುತ್ತಿರಲಿಲ್ಲ.

ಗುಂಪಾ_ಹವಾಲ್ದಾರ್ · ಬೀದರ್

ಪಕ್ಕದ ಪಲ್ಯ ಅಂತೀರಾ? ನಮ್ಮ ಕಡೆ ಪುಂಡಿ ಪಲ್ಯ ಇಲ್ಲದೆ ರೊಟ್ಟಿ ಇಳಿಯುತ್ತದೇನ್ರಿ?

2020ರ ನವೆಂಬರ್‌ನಲ್ಲಿ ದೆಹಲಿ ಹಾಫ್ ಮ್ಯಾರಥಾನ್. ಕೊರೊನಾ ಕಾಲ, ರಸ್ತೆ ಮೇಲೆ ದೊಡ್ಡ ಓಟಗಾರರು ಮಾತ್ರ, ಜನಸಾಮಾನ್ಯರಿಗೆ ಅವಕಾಶ ಇರಲಿಲ್ಲ. ಸ್ಟೀಪಲ್‌ಚೇಸ್‌ನ ಮನುಷ್ಯ ಹೋಗಿ 1 ಗಂಟೆ 30 ಸೆಕೆಂಡಿನಲ್ಲಿ 21 ಕಿಲೋಮೀಟರ್ ಮುಗಿಸಿದರು. 61 ನಿಮಿಷದ ಒಳಗೆ ಓಡಿದ ಮೊದಲ ಭಾರತೀಯ. ಹಳೇ ರಾಷ್ಟ್ರೀಯ ದಾಖಲೆಗಿಂತ ಮೂರು ನಿಮಿಷಕ್ಕೂ ಜಾಸ್ತಿ ಮುಂದೆ. ಮ್ಯಾರಥಾನ್ ಓಡುವವರೇ ಬಾಯಿ ಬಿಟ್ಟು ನೋಡಿದರು.

2022ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ 5,000 ಮೀಟರ್ 13:25.65. ಬಹಾದ್ದೂರ್ ಪ್ರಸಾದ್ 1992ರಲ್ಲಿ ಮಾಡಿದ್ದ 13:29.70 ದಾಖಲೆ ಮೂವತ್ತು ವರ್ಷಕ್ಕೆ ಮುರಿಯಿತು. ಆಮೇಲೆ ಗುಲ್ವೀರ್ ಸಿಂಗ್ ಬಂದು ಅದನ್ನೂ ದಾಟಿದರು, ಅದು ಬೇರೆ ವಿಷಯ. ಹಾಗೆ ನೋಡಿದರೆ ಮೂರು ಬೇರೆ ಬೇರೆ ಓಟದಲ್ಲಿ ಒಬ್ಬನೇ ಮನುಷ್ಯ ರಾಷ್ಟ್ರೀಯ ದಾಖಲೆ ಇಟ್ಟುಕೊಂಡಿದ್ದ ಕಾಲ ಒಂದು ಇತ್ತು.

ನಾನು ಹೇಳುವುದು ಇಷ್ಟೇ. ಅವರು ಮೂರು ಓಟ ಕಲಿಯಲಿಲ್ಲ. ಒಂದು ಎಂಜಿನ್ ಕಟ್ಟಿದರು, ಅದನ್ನು ಮೂರು ಗಾಡಿಗೆ ಹಾಕಿದರು. ಎಂಜಿನ್ ಕಟ್ಟಿದ್ದು ಕ್ರಾಸ್ ಕಂಟ್ರಿಯಲ್ಲಿ.

ಅಂಕಿ_ಹುಚ್ಚ · ಕಲಬುರಗಿ

ಎಂಜಿನ್ ಮಾತನ್ನು ಅಂಕಿಯಲ್ಲಿ ತೋರಿಸುತ್ತೇನೆ. ರಾತ್ರಿ ಕೂತು ಲೆಕ್ಕ ಹಾಕಿದೆ, ಹೆಂಡತಿ ಬೈದಳು.

ಸಾಬ್ಳೆ 5,000 ಓಡಿದ್ದು ಕಿಲೋಮೀಟರಿಗೆ 2:41. ಸ್ಟೀಪಲ್‌ಚೇಸ್ 2:43, ಅದೂ 35 ಸಲ ಹಾರಿಕೊಂಡು. ಹಾಫ್ ಮ್ಯಾರಥಾನ್ 2:52. ನೋಡಿ, 5ರಿಂದ 21 ಕಿಲೋಮೀಟರಿಗೆ ದೂರ ನಾಲ್ಕು ಪಟ್ಟು ಆಯಿತು, ವೇಗ ಕಡಿಮೆ ಆದದ್ದು ಕಿಲೋಮೀಟರಿಗೆ 11 ಸೆಕೆಂಡ್ ಮಾತ್ರ.

ಪಾರುಲ್ ಅವರದು ಹಾಂಗ್‌ಝೌ 5,000 ಕಿಲೋಮೀಟರಿಗೆ 3:03. ಅದೇ ವರ್ಷ ಬುಡಾಪೆಸ್ಟ್‌ನಲ್ಲಿ ಸ್ಟೀಪಲ್‌ಚೇಸ್ 9:15.31, ಅಂದರೆ 3:05. ಹೆಚ್ಚೂ ಕಡಿಮೆ ಒಂದೇ.

ಈಗ ನಿಮ್ಮ ತಂಗಿ. 1,500 ಓಡುವಾಗ ಕಿಲೋಮೀಟರಿಗೆ 3:23. 3,000ಕ್ಕೆ 3:40. 5,000ಕ್ಕೆ 3:56. ಮೂರೂವರೆ ಕಿಲೋಮೀಟರ್ ಜಾಸ್ತಿ ಆಗುವಷ್ಟರಲ್ಲಿ ಕಿಲೋಮೀಟರಿಗೆ 33 ಸೆಕೆಂಡ್ ಹೋಯಿತು. ವೇಗ ಇದೆ, ಉಳಿಸಿಕೊಳ್ಳುವ ತಾಕತ್ತು ಇನ್ನೂ ಬಂದಿಲ್ಲ. ಹದಿನೇಳಕ್ಕೆ ಅದು ತಪ್ಪಲ್ಲ.

ಈ 33ಕ್ಕೆ ಒಂದು ಹೋಲಿಕೆ ಸಿಕ್ಕಿತು, ಅದನ್ನು ನೋಡಿ ನನಗೇ ನಗು ಬಂತು. ನೆದರ್‌ಲ್ಯಾಂಡ್ಸ್‌ನ ಸಿಫಾನ್ ಹಸನ್ ಗೊತ್ತಲ್ಲ? 2019ರಲ್ಲಿ ಮೊನಾಕೊದಲ್ಲಿ ಒಂದು ಮೈಲಿ 4:12.33, ಆಗಿನ ವಿಶ್ವದಾಖಲೆ. 2023ರಲ್ಲಿ ಶಿಕಾಗೊ ಮ್ಯಾರಥಾನ್ 2:13:44. ಮೈಲಿಯಲ್ಲಿ ಕಿಲೋಮೀಟರಿಗೆ 2:37, ಮ್ಯಾರಥಾನ್‌ನಲ್ಲಿ 3:10. ವ್ಯತ್ಯಾಸ 33 ಸೆಕೆಂಡ್! ನಿಮ್ಮ ತಂಗಿ 1,500ರಿಂದ 5,000ಕ್ಕೆ ಬರುವಾಗ ಕಳೆದುಕೊಂಡಷ್ಟನ್ನು ಅವರು ಮೈಲಿಯಿಂದ 42 ಕಿಲೋಮೀಟರಿಗೆ ಹೋಗುವಾಗ ಕಳೆದುಕೊಂಡಿದ್ದಾರೆ.

ಓಡುವ_ಸಿಸ್ಟರ್ · ಕಲಬುರಗಿ

ಸಿಫಾನ್ ಹೆಸರು ಬಂತು, ಇನ್ನು ಸುಮ್ನೆ ಇರಲು ಆಗುವುದಿಲ್ಲ. ನಾನು ನರ್ಸ್. ಅವರೂ ನರ್ಸಿಂಗ್ ಓದಲು ಹೋದವರು ಅನ್ನುವುದೇ ಮೊದಲ ಪ್ರೀತಿ. ಹುಟ್ಟಿದ್ದು ಇಥಿಯೋಪಿಯಾ, ಹದಿನೈದನೇ ವಯಸ್ಸಿನಲ್ಲಿ ನಿರಾಶ್ರಿತೆಯಾಗಿ ನೆದರ್‌ಲ್ಯಾಂಡ್ಸ್‌ಗೆ ಬಂದರು. ಪೌರತ್ವ ಸಿಕ್ಕಿದ್ದು 2013ರಲ್ಲಿ.

ಟೋಕಿಯೋದಲ್ಲಿ ಒಂದು ಬೆಳಿಗ್ಗೆ 1,500 ಹೀಟ್ಸ್. ಕೊನೆ ಸುತ್ತು ಶುರುವಾಗುವಾಗ ಮುಂದಿನವಳು ಬಿದ್ದಳು, ಇವರೂ ಅವಳ ಮೇಲೆ ಬಿದ್ದರು. ಎದ್ದರು. ಒಬ್ಬೊಬ್ಬರನ್ನೇ ದಾಟಿ ಆ ಹೀಟನ್ನು ಗೆದ್ದರು. ಅದೇ ರಾತ್ರಿ 5,000 ಫೈನಲ್, ಚಿನ್ನ. ಆಮೇಲೆ 1,500ರಲ್ಲಿ ಕಂಚು, 10,000ದಲ್ಲಿ ಚಿನ್ನ. ಒಟ್ಟು ಆರು ಓಟ, ಇಪ್ಪತ್ತನಾಲ್ಕೂವರೆ ಕಿಲೋಮೀಟರ್. ನಾನು ಆ ಬೀಳುವ ವಿಡಿಯೋವನ್ನು ನೈಟ್ ಡ್ಯೂಟಿಯಲ್ಲಿ ಎಷ್ಟು ಸಲ ನೋಡಿದ್ದೇನೋ.

ಪ್ಯಾರಿಸ್ 2024 ಇನ್ನೂ ಹುಚ್ಚು. 5,000 ಕಂಚು, 10,000 ಕಂಚು. 10,000 ಮುಗಿದದ್ದು ಶುಕ್ರವಾರ ರಾತ್ರಿ, ಭಾನುವಾರ ಬೆಳಿಗ್ಗೆ ಮ್ಯಾರಥಾನ್. ಕೊನೆಯಲ್ಲಿ ಇಥಿಯೋಪಿಯಾದ ಟಿಗಿಸ್ಟ್ ಅಸೆಫಾ ಜೊತೆ ಭುಜಕ್ಕೆ ಭುಜ ತಾಗಿತು, ದೂರು ಆಯಿತು, ತಳ್ಳಿಹಾಕಿದರು. ಮೂರು ಸೆಕೆಂಡಿನಿಂದ ಚಿನ್ನ, 2:22:55, ಒಲಿಂಪಿಕ್ ದಾಖಲೆ.

ಗುಂಪಾ_ಹವಾಲ್ದಾರ್ · ಬೀದರ್

ಒಂದೇ ಒಲಿಂಪಿಕ್ಸ್‌ನಲ್ಲಿ ಆ ಮೂರರಲ್ಲೂ ಪದಕ ಅಂದರೆ ಅವರಿಗಿಂತ ಮೊದಲು ನೆನಪಾಗುವ ಹೆಸರು 1952ರ ಎಮಿಲ್ ಜಾಟೋಪೆಕ್, ಚೆಕೊಸ್ಲೊವಾಕಿಯಾದವರು. ಅವರಿಗೆ ಮೂರೂ ಚಿನ್ನ. ಮ್ಯಾರಥಾನ್ ಅಂತೂ ಜೀವನದ ಮೊದಲನೆಯದು.

ಓಡುವ_ಸಿಸ್ಟರ್ · ಕಲಬುರಗಿ

ಹೌದು ಸರ್. ಆದರೆ ನಾನು ಬರೆಯಲು ಬಂದದ್ದು ಪದಕದ ಬಗ್ಗೆ ಅಲ್ಲ. ಅಣ್ಣಾ, ನಿಮ್ಮ ತಂಗಿಯ ಹಿಮೋಗ್ಲೋಬಿನ್ ಎಷ್ಟು ಇದೆ ಅಂತ ಯಾವತ್ತಾದರೂ ನೋಡಿದ್ದೀರಾ?

ನನ್ನದೇ ಕಥೆ ಹೇಳುತ್ತೇನೆ. ಡಿಗ್ರಿಯಲ್ಲಿ ಇದ್ದಾಗ ನಾನೂ ಎಲ್ಲದಕ್ಕೂ ಹೆಸರು ಕೊಡುತ್ತಿದ್ದೆ. ಒಂದು ಕೂಟ, ಎಲ್ಲಿ ಅಂತ ಬೇಡ. ಬೆಳಿಗ್ಗೆ 1,500, ಮಧ್ಯಾಹ್ನ ಎರಡೂವರೆಗೆ 5,000. ಮಾರ್ಚ್ ಕೊನೆ, ನಮ್ಮ ಬಿಸಿಲು ಹೇಳಬೇಕಾಗಿಲ್ಲ. ನೀರಿನ ಡ್ರಮ್ ಖಾಲಿ ಆಗಿ ಅರ್ಧ ಗಂಟೆ ಆಗಿತ್ತು. ತಳದಲ್ಲಿ ಒಂದು ಸ್ಟೀಲ್ ಲೋಟ ಮಾತ್ರ ಉರುಳಾಡುತ್ತಿತ್ತು. ಒಂಬತ್ತನೇ ಸುತ್ತಿನಲ್ಲಿ ಸುಣ್ಣದ ಗೆರೆ ಎರಡೆರಡಾಗಿ ಕಂಡಿತು. ಆಮೇಲೆ ನೆನಪಿಲ್ಲ. ಎದ್ದಾಗ ಯಾರೋ ತಲೆ ಮೇಲೆ ಟವೆಲ್ ಹಾಕಿದ್ದರು. ಮರುದಿನ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.4. ಒಂದು ವರ್ಷದಿಂದ ನನ್ನ ಟೈಮಿಂಗ್ ಬೀಳುತ್ತಿತ್ತು, ಎಲ್ಲರೂ "ಮನಸ್ಸು ಕೊಡುತ್ತಿಲ್ಲ" ಅನ್ನುತ್ತಿದ್ದರು. ಮನಸ್ಸು ಇತ್ತು, ರಕ್ತ ಇರಲಿಲ್ಲ.

ದೂರದ ಓಟ ಪೂರ್ತಿ ಆಮ್ಲಜನಕದ ಆಟ. ಅದನ್ನು ಹೊತ್ತು ತರುವುದು ರಕ್ತ. ಓಡುವ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಅಂಶ ಕಡಿಮೆ ಆಗುವುದು ಬಹಳ ಸಾಮಾನ್ಯ. ಮುಟ್ಟಿನಲ್ಲಿ ಹೋಗುತ್ತದೆ, ಬೆವರಿನಲ್ಲಿ ಸ್ವಲ್ಪ ಹೋಗುತ್ತದೆ. ಅದರ ಮೇಲೆ ಊಟ ಆದ ಕೂಡಲೇ ಚಹಾ ಕುಡಿದರೆ ತಿಂದದ್ದೂ ಸರಿಯಾಗಿ ಮೈಗೆ ಸೇರುವುದಿಲ್ಲ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವುದು) ಪರೀಕ್ಷೆಯನ್ನೂ ಮಾಡಿಸಿ. ಮುಟ್ಟು ತಿಂಗಳುಗಟ್ಟಲೆ ನಿಂತಿದ್ದರೆ "ಓಡುವವರಿಗೆ ಹಾಗೆಯೇ" ಅಂತ ಬಿಡಬೇಡಿ, ಡಾಕ್ಟರ್‌ಗೆ ತೋರಿಸಿ. ಊಟ ಸಾಲದೆ ಇದ್ದಾಗ ದೇಹ ಮೊದಲು ಅದನ್ನೇ ನಿಲ್ಲಿಸುತ್ತದೆ, ಆಮೇಲೆ ಎಲುಬಿಗೆ ಏಟು.

ಈ ಮಾತನ್ನು ಅಣ್ಣನಿಂದ ಕೇಳಲು ಅವಳಿಗೆ ಮುಜುಗರ ಆಗಬಹುದು. ನನಗೆ ಮೆಸೇಜ್ ಮಾಡಲು ಹೇಳಿ.

ಅಪ್ಪನಕೆರೆ_ಸುತ್ತು · ಕಲಬುರಗಿ

ಅಕ್ಕಾ, ಕೈ ಮುಗಿದೆ. ಇದನ್ನು ಯಾರೂ ಹೇಳಿರಲಿಲ್ಲ. ಅವ್ವನಿಗೆ ಓದಿ ಹೇಳಿದೆ. ಸೋಮವಾರ ಪರೀಕ್ಷೆ ಮಾಡಿಸುತ್ತೇವೆ.

ಕೋಟೆ_ಮೆಟ್ಟಿಲು · ಯಾದಗಿರಿ

ಎಲ್ಲರೂ ಸ್ಟೀಪಲ್‌ಚೇಸ್ ಅಂತಿದ್ದೀರಿ, ಅದನ್ನು ಕಣ್ಣಾರೆ ನೋಡದವರೂ ಇಲ್ಲಿ ಇದ್ದಾರೆ. 3,000 ಮೀಟರ್, 28 ಅಡ್ಡಗಂಬ, 7 ಸಲ ನೀರಿನ ಗುಂಡಿ. ಗಂಡಸರಿಗೆ ಗಂಬದ ಎತ್ತರ 91.4 ಸೆಂಟಿಮೀಟರ್, ಹೆಂಗಸರಿಗೆ 76.2. ಹರ್ಡಲ್ಸ್ ಥರ ಕಾಲು ತಾಗಿದರೆ ಬೀಳುವುದಿಲ್ಲ ಅದು. ದಪ್ಪ ತೊಲೆ. ತಾಗಿದರೆ ಬೀಳುವವರು ನಾವು. ನೀರಿನ ಗುಂಡಿ ಗಂಬದ ಬುಡದಲ್ಲಿ ಆಳ, ಮುಂದೆ ಹೋದ ಹಾಗೆ ಇಳಿಜಾರಾಗಿ ಮೇಲೆ ಬರುತ್ತದೆ. ಹಾಗಾಗಿ ದೂರ ಹಾರಿದಷ್ಟೂ ನೀರು ಕಡಿಮೆ. ಗಂಬದ ಮೇಲೆ ಒಂದು ಕಾಲಿಟ್ಟು ತಳ್ಳಿಕೊಂಡು ಹೋಗುತ್ತಾರೆ.

ಸಾಬ್ಳೆ ಅವರಿಗೂ ಇದೇ ನೀರು ಕೈಕೊಟ್ಟಿತು. 2025ರ ಜುಲೈನಲ್ಲಿ ಮೊನಾಕೊದಲ್ಲಿ ಅಲ್ಲೇ ಬಿದ್ದು ಮಂಡಿಯ ಲಿಗಮೆಂಟ್ ಹರಿಯಿತು, ಆಪರೇಷನ್ ಆಯಿತು. ಅದಕ್ಕೂ ಒಂದೂವರೆ ತಿಂಗಳ ಕೆಳಗೆ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದಿದ್ದರು.

ನಾವು ಚಿಕ್ಕವರಿದ್ದಾಗ ಹೊಲದ ಒಡ್ಡು ಹಾರುತ್ತಿದ್ದೆವು. ಒಂದು ಒಡ್ಡು, ಹತ್ತು ಹೆಜ್ಜೆ, ಇನ್ನೊಂದು ಒಡ್ಡು. ಮಳೆ ಬಂದ ಮಾರನೇ ದಿನ ಮಾತ್ರ ಬೇಡ. ಎರೆ ಮಣ್ಣು ಒಂದು ಹೆಜ್ಜೆಗೆ ಒಂದು ಪದರ ಅಂಟುತ್ತದೆ, ಇಪ್ಪತ್ತು ಹೆಜ್ಜೆಗೆ ಬೂಟು ರೊಟ್ಟಿ ಹಂಚಿನಷ್ಟು ಅಗಲ ಆಗುತ್ತದೆ. ಕೊನೆಗೆ ಬೂಟು ಅಲ್ಲೇ, ಕಾಲು ಇಲ್ಲಿ. ಈಗ ವಾರಕ್ಕೆ ಎರಡು ದಿನ ಯಾದಗಿರಿ ಕೋಟೆ ಬೆಟ್ಟ ಹತ್ತುತ್ತೇನೆ. ಉಸಿರಿಗೆ ಅದಕ್ಕಿಂತ ಒಳ್ಳೇ ಮೇಷ್ಟ್ರು ಇಲ್ಲ.

ಮೈದಾನದ_ಸುಣ್ಣ · ಸೇಡಂ

ಸಿಫಾನ್ ಹಸನ್ ಲೋಕಕ್ಕೆ ಒಬ್ಬರು. ಅವರನ್ನು ನೋಡಿ ಸೆಕೆಂಡ್ ಪಿಯುಸಿ ಹುಡುಗಿಗೆ ದಾರಿ ಹೇಳಬಾರದು. ಆದರೆ ಅಂಕಿ ಸರ್ ಲೆಕ್ಕ ನೋಡಿ ನನಗೂ ಯೋಚನೆ ಹತ್ತಿದೆ. ನಾವು "ಒಂದು ಹಿಡಿ" ಅನ್ನುವುದು ಕೂಟದ ದಿನಕ್ಕೆ. ಅದನ್ನೇ ವರ್ಷಪೂರ್ತಿ ಅಭ್ಯಾಸಕ್ಕೂ ಹೇಳಿಬಿಡುತ್ತೇವೆ. 1,500 ಹಿಡಿದ ಮಕ್ಕಳಿಗೆ ದಿನಾ 400, 400 ಅಂತ ಓಡಿಸುತ್ತೇವೆ. ಎರಡು ವರ್ಷ ಟೈಮಿಂಗ್ ಬರುತ್ತದೆ, ಆಮೇಲೆ ನಿಲ್ಲುತ್ತದೆ, ಮಗು ಬಿಟ್ಟುಬಿಡುತ್ತದೆ. ಹಾಗೆ ಬಿಟ್ಟವರು ನನ್ನ ಕೈಯಲ್ಲೇ ನಾಲ್ಕೈದು ಜನ ಇದ್ದಾರೆ.

ಗುಂಪಾ_ಹವಾಲ್ದಾರ್ · ಬೀದರ್

ಸರ್, ಈ ಮಾತು ಹೇಳಲು ದೊಡ್ಡ ಮನಸ್ಸು ಬೇಕು.

ಹಾಗಾದರೆ ನನ್ನ ಸಲಹೆ: ದಸರಾ ಕೂಟದಲ್ಲಿ ಒಂದೇ ಓಟ, 3,000. ಅದು ಇಲ್ಲದಿದ್ದರೆ 1,500. ಈ ವರ್ಷ 5,000 ಬಿಡಲಿ. ಕ್ರಾಸ್ ಕಂಟ್ರಿ ಮಾತ್ರ ಬಿಡಬಾರದು. ಅಭ್ಯಾಸದಲ್ಲಿ ವಾರಕ್ಕೆ ನಾಲ್ಕು ದಿನ ನಿಧಾನ ಓಟ. ನಿಧಾನ ಅಂದರೆ ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟು. ಅದರಲ್ಲಿ ಒಂದು ದಿನ ಉದ್ದ, ಈಗ ಎಂಟು ಕಿಲೋಮೀಟರ್ ಓಡುತ್ತಿದ್ದರೆ ಮೂರು ತಿಂಗಳಲ್ಲಿ ಹನ್ನೆರಡು. ಒಂದು ದಿನ ವೇಗ, ಒಂದು ದಿನ ಏರು, ಒಂದು ದಿನ ಪೂರ್ತಿ ರಜೆ. ರಜೆ ಅಂದರೆ ರಜೆ.

ಯಾವ ಓಟ ಅನ್ನುವುದನ್ನು ಇಪ್ಪತ್ತಕ್ಕೆ ನೋಡಿಕೊಳ್ಳಲಿ. ಲಲಿತಾ ಬಾಬರ್ ಮೊದಲು ಮ್ಯಾರಥಾನ್ ಓಡುತ್ತಿದ್ದರು, ಮುಂಬೈಯಲ್ಲಿ ಭಾರತೀಯ ಮಹಿಳೆಯರ ವಿಭಾಗ ಮೂರು ಸಲ ಗೆದ್ದರು. ಆಮೇಲೆ ಸ್ಟೀಪಲ್‌ಚೇಸ್‌ಗೆ ಇಳಿದು 2016ರ ರಿಯೋದಲ್ಲಿ ಫೈನಲ್ ಓಡಿದರು, ಹತ್ತನೇ ಸ್ಥಾನ. ಉದ್ದದಿಂದ ಗಿಡ್ಡಕ್ಕೂ ಬರಬಹುದು.

ಪಿಸಿ_ಕನಸು, ನಿನಗೂ ಇದೇ ಮದ್ದು. ದಿನಾ 1,600 ಓಡಿ ವಾಚ್ ನೋಡುವುದು ಬಿಡು. ವಾರಕ್ಕೆ ಮೂರು ದಿನ ಐದು ಕಿಲೋಮೀಟರ್ ನಿಧಾನ ಓಡು, ಒಂದು ದಿನ 400 ಮೀಟರ್ ಆರು ಸಲ, ಪ್ರತಿಯೊಂದೂ 1:35ರಲ್ಲಿ. ಆರು ವಾರ ಬಿಟ್ಟು ಬಂದು ಹೇಳು.

ಪಿಸಿ_ಕನಸು · ಶಹಾಪುರ

ಆಯ್ತು ಸರ್. ನಿಧಾನ ಓಡಿದರೆ ಜೋರು ಆಗುತ್ತದೆ ಅನ್ನುವುದನ್ನು ನಂಬಲು ಸ್ವಲ್ಪ ಟೈಮ್ ಬೇಕು.

ಖಡಕ್_ರೊಟ್ಟಿ · ಕಲಬುರಗಿ

ನಾನು ಹತ್ತು ವರ್ಷದಿಂದ ನಿಧಾನವಾಗಿಯೇ ಓಡುತ್ತಿದ್ದೇನೆ. ಇನ್ನೂ ಜೋರು ಆಗಿಲ್ಲ. ಓಡಿದ ಮೇಲೆ ತಹರಿ ತಿನ್ನುವುದು ಕಾರಣ ಇರಬಹುದಾ?

ಅಪ್ಪನಕೆರೆ_ಸುತ್ತು · ಕಲಬುರಗಿ

ಎಲ್ಲರಿಗೂ ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಹಿಮೋಗ್ಲೋಬಿನ್ 10.6 ಬಂತು. ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ಊಟದ ಜೊತೆ ನಿಂಬೆ ಹಣ್ಣು, ಊಟ ಆದ ಕೂಡಲೇ ಚಹಾ ಬಂದ್. ಅವ್ವ ಮನೆಯಲ್ಲಿ ಎಲ್ಲರಿಗೂ ಬಂದ್ ಮಾಡಿದ್ದಾಳೆ, ಅಪ್ಪ ಸಿಟ್ಟಾಗಿದ್ದಾನೆ. ಪಿಟಿ ಸರ್‌ಗೆ ಈ ಚರ್ಚೆ ಓದಿಸಿದೆ. ಪೂರ್ತಿ ಓದಿ, "3,000 ಸರಿ, ಆದರೆ ಏರು ಓಡಿಸಲು ಕಲಬುರಗಿಯಲ್ಲಿ ಗುಡ್ಡ ಎಲ್ಲಿದೆ?" ಅಂದರು. ಕೊನೆಗೆ ಫ್ಲೈಓವರ್ ಅಂತ ತೀರ್ಮಾನ ಆಯಿತು. ಬೆಳಿಗ್ಗೆ ಐದಕ್ಕೆ ಗಾಡಿ ಇರುವುದಿಲ್ಲ, ನಾನು ಹಿಂದೆ ಇರುತ್ತೇನೆ.

ಓಡುವ_ಸಿಸ್ಟರ್ · ಕಲಬುರಗಿ

10.6ರಲ್ಲಿ ಆ ಟೈಮಿಂಗ್ ಓಡಿದ್ದಾಳೆ ಅಂದರೆ 12 ದಾಟಿದ ಮೇಲೆ ನೋಡಿ. ಮಾತ್ರೆ ನಡುವೆ ಬಿಡಬೇಡಿ. ಆರು ವಾರಕ್ಕೆ ಇನ್ನೊಮ್ಮೆ ಪರೀಕ್ಷೆ.

ಅಪ್ಪನಕೆರೆ_ಸುತ್ತು · ಕಲಬುರಗಿ

ನಾನು ತಂಗಿ, ಅಣ್ಣನ ಮೊಬೈಲಿನಿಂದ. ಎಲ್ಲಾ ಓದಿದೆ. ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್ ಅಕ್ಕಾ, ಮೆಸೇಜ್ ಮಾಡಿದ್ದೇನೆ ನೋಡಿ. ಒಂದು ತಿದ್ದುಪಡಿ. 5,000ಕ್ಕೆ ನನ್ನ ಟೈಮಿಂಗ್ 19:40 ಅಲ್ಲ, 19:14. ಅಣ್ಣ ವಾಚ್ ನಿಲ್ಲಿಸಲು ಮರೆತು ಚಹಾ ಅಂಗಡಿಯವನ ಜೊತೆ ಮಾತಾಡುತ್ತಿದ್ದ. ಸರ್ ಹತ್ತಿರ ಸರಿಯಾದ ಟೈಮ್ ಇದೆ.

ಅಂಕಿ_ಹುಚ್ಚ · ಕಲಬುರಗಿ

ಹಾಗಾದರೆ ಕಿಲೋಮೀಟರಿಗೆ 3:51. ವ್ಯತ್ಯಾಸ 33 ಅಲ್ಲವ್ವಾ, ಇಪ್ಪತ್ತೇಳೂವರೆ. ನನ್ನ ಸಿಫಾನ್ ಹೋಲಿಕೆ ಕೆಟ್ಟಿತು.

ಖಡಕ್_ರೊಟ್ಟಿ · ಕಲಬುರಗಿ

ಚಹಾ ಅಂಗಡಿಯಲ್ಲಿ 26 ಸೆಕೆಂಡ್. ಅಣ್ಣಾ, ಇನ್ನು ನೀವು ಓಡಲೇಬೇಕು.